ಕೃಷಿ ಹೊಂಡದ ತಳಕ್ಕೂ ಟೇಪು ಹಿಡಿಯಿರಿ

ಗೆ,
ಮುಖ್ಯ ಕಾರ್ಯದರ್ಶಿಗಳು, ಕರ್ನಾಟಕ ಸರ್ಕಾರ, ಬೆಂಗಳೂರು
ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಹಾಸನ ಮತ್ತು ಚಿಕ್ಕಮಗಳೂರು

ವಿಷಯ: ಕೃಷಿ ಯೋಜನೆಗಳಲ್ಲಿನ ಮೋಸ ಮತ್ತು ಪೋಲಿನ ತನಿಖೆಗೆ ಹೊಲಕ್ಕಿಳಿಯುವ ತಂಡ ಬೇಕೆಂಬ ಬಗ್ಗೆ.

ಮಾನ್ಯರೇ,

ಅಳತೆ ಪುಸ್ತಕದಲ್ಲಿ 21 × 21 × 3 ಮೀಟರ್ ಎಂದು ಬರೆದ ಕೃಷಿ ಹೊಂಡವನ್ನು ತಪಾಸಣೆಗೆ ಬಂದವರು ಹೇಗೆ ಅಳೆಯುತ್ತಾರೆ ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ಜೀಪು ರಸ್ತೆಯಲ್ಲಿ ನಿಲ್ಲುತ್ತದೆ. ಇಬ್ಬರು ದಂಡೆಯ ಮೇಲೆ ನಿಂತು ಟೇಪು ಎಳೆಯುತ್ತಾರೆ, 21 ಬರುತ್ತದೆ. ಆಳ ನೋಡಲು ಏರಿಯ ನೆತ್ತಿಯಿಂದ ಟೇಪು ಇಳಿಬಿಡುತ್ತಾರೆ, 3 ಬರುತ್ತದೆ. ಬೋರ್ಡಿನ ಪಕ್ಕ ರೈತನನ್ನು ನಿಲ್ಲಿಸಿ ಒಂದು ಫೋಟೊ, ಜಿಪಿಎಸ್ ಗುರುತು, ಸಹಿ. ಹತ್ತು ನಿಮಿಷದಲ್ಲಿ ಮುಗಿಯಿತು.

ಆ 3 ಮೀಟರಿನಲ್ಲಿ ಮೇಲಿನ ಒಂದು ಮೀಟರನ್ನು ಯಾರೂ ಅಗೆದಿಲ್ಲ. ಅಗೆದ ಮಣ್ಣನ್ನೇ ಸುತ್ತ ಒಟ್ಟಿ ಏರಿ ಮಾಡಿದ್ದಾರೆ, ಅಷ್ಟೆ. ಹೊಂಡದ ಬದಿ ನೆಟ್ಟಗಿರುವುದಿಲ್ಲ, ಓರೆಯಾಗಿರುತ್ತದೆ. ಒಂದಕ್ಕೊಂದು ಇಳಿಜಾರು ಎಂದು ಹಿಡಿದರೆ, ನೆಲಮಟ್ಟದಿಂದ 3 ಮೀಟರ್ ಅಗೆದ ಹೊಂಡದ ತಳ 15 × 15 ಮೀಟರ್ ಇರಬೇಕು; ಅದರ ಗಾತ್ರ 981 ಘನ ಮೀಟರ್. ಎರಡೇ ಮೀಟರ್ ಅಗೆದು ಏರಿ ತೋರಿಸಿದ ಹೊಂಡದ ತಳ 17 × 17 ಇರುತ್ತದೆ. ಗಾತ್ರ ಸುಮಾರು 725. ಅಂದರೆ 256 ಘನ ಮೀಟರ್ ಮಣ್ಣು ಭೂಮಿಯಲ್ಲೇ ಇದೆ, ಬಿಲ್ಲು ಮಾತ್ರ ಪಾಸಾಗಿದೆ. ಹೊಂಡಕ್ಕೆ ಇಳಿದು ತಳದಲ್ಲಿ ಒಂದು ಸಲ ಟೇಪು ಹಿಡಿದರೆ ಸಾಕು. 15 ಬರಬೇಕಾದ ಕಡೆ 17 ಬಂದರೆ ಲೆಕ್ಕ ಅಲ್ಲೇ ಸಿಕ್ಕಿಬಿತ್ತು. ಆದರೆ ಇಳಿಯುವವರು ಯಾರು? ಬೂಟಿಗೆ ಕೆಸರಾಗುತ್ತದೆ.

ನೀರು ಇಂಗದಂತೆ ಹೊಂಡಕ್ಕೆ ಹಾಸುವ ಹೊದಿಕೆ ಹಾಳೆಯದೂ ಇದೇ ಕತೆ. ಬಿಲ್ಲಿನಲ್ಲಿ 300 ಜಿಎಸ್‌ಎಂ ಎಂದಿದ್ದರೆ ಒಂದು ಚದರ ಮೀಟರ್ ಹಾಳೆ 300 ಗ್ರಾಂ ತೂಗಬೇಕು. ಏರಿಯ ಅಂಚಿನಲ್ಲಿ ಮಿಕ್ಕ ಹಾಳೆಯಿಂದ 10 ಸೆಂಟಿಮೀಟರ್ ಚೌಕದ ಒಂದು ತುಂಡು ಕತ್ತರಿಸಿಕೊಂಡು ಪೇಟೆಯ ಚಿನ್ನದಂಗಡಿಯ ತಕ್ಕಡಿಯಲ್ಲಿಟ್ಟರೆ 3 ಗ್ರಾಂ ತೋರಿಸಬೇಕು. 2 ಗ್ರಾಂ ತೋರಿಸಿದರೆ ಮೂರನೇ ಒಂದು ಭಾಗ ಪ್ಲಾಸ್ಟಿಕ್ ಹೊಂಡಕ್ಕೆ ಬಂದೇ ಇಲ್ಲ. ಹಾಳೆಯ ಅಂಚನ್ನು ಸುತ್ತಲೂ ಕಾಲುವೆ ತೆಗೆದು ಹೂಳಬೇಕು. ಹೂಳದೆ ಕಲ್ಲು ಹೇರಿ ಬಿಟ್ಟದ್ದು ಒಂದು ಗಾಳಿಗೆ ಏಳುತ್ತದೆ, ಒಂದು ಬೇಸಿಗೆಗೆ ಹರಿಯುತ್ತದೆ. ಆಮೇಲೆ ಹೊಂಡ ನೀರು ಹಿಡಿಯದಿದ್ದರೆ ಹೊರೆ ಬೀಳುವುದು ರೈತನ ಮೇಲೆ: ‘ದನ ಬಿಟ್ಟು ಹರಿಸಿದ್ದಾನೆ’ ಎಂದು.

ಹೊಂಡಕ್ಕೆ ಸಹಾಯಧನ ಕೊಡುವ ರಾಜ್ಯದ ಕೃಷಿ ಭಾಗ್ಯ ಯೋಜನೆ 2014–15ರಲ್ಲಿ ಶುರುವಾದಾಗ ಸಾಮಾನ್ಯ ವರ್ಗದ ರೈತರಿಗೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನವಿತ್ತು. ರೈತ ತನ್ನ ಕೈಯಿಂದ ಹಾಕುವುದು ಐದರಲ್ಲಿ ಒಂದು, ಇಲ್ಲವೇ ಹತ್ತರಲ್ಲಿ ಒಂದು ಪಾಲು ಎಂದಾದಾಗ, ಬಿಲ್ಲನ್ನು ಉಬ್ಬಿಸಿದರೆ ಆ ಪಾಲನ್ನೂ ಹಾಕಬೇಕಿಲ್ಲ. ‘ನೀವು ಒಂದು ರೂಪಾಯಿ ಕೊಡುವುದು ಬೇಡ, ಪಹಣಿ, ಆಧಾರ್ ಕೊಡಿ ಸಾಕು’ ಎಂದು ಮನೆ ಬಾಗಿಲಿಗೆ ಬರುವ ಏಜೆಂಟನ ಧೈರ್ಯ ಇಲ್ಲಿಂದ ಬಂದದ್ದು. ಹಾಗೆಂದು ಸಹಾಯಧನ ಇಳಿಸಿ ಎಂದು ನಾವು ಕೇಳುತ್ತಿಲ್ಲ. ಅರಸೀಕೆರೆ, ಕಡೂರು, ಅಜ್ಜಂಪುರದ ಕಡೆ ಸರಿಯಾಗಿ ಅಗೆದ ಒಂದು ಹೊಂಡ ರಾಗಿ ತೆನೆ ಕಟ್ಟುವ ಹೊತ್ತಿಗೆ ಎರಡು ಸಲ ನೀರು ಕೊಟ್ಟು ಬೆಳೆ ಉಳಿಸುತ್ತದೆ. ಅಳೆಯಿರಿ ಎಂದಷ್ಟೇ ನಮ್ಮ ಮಾತು.

ಕಾವಲುಗಾರರಿಗೇನೂ ಕೊರತೆಯಿಲ್ಲ. ಮೇಲೆ ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ ಇದೆ, ಅದರ ವರದಿ ಸಂವಿಧಾನದ 151ನೇ ವಿಧಿಯ ಪ್ರಕಾರ ವಿಧಾನಮಂಡಲಕ್ಕೆ ಬರುತ್ತದೆ. ಲೋಕಾಯುಕ್ತ ಇದೆ. 2016ರ ಮಾರ್ಚ್‌ನಲ್ಲಿ ಅದರ ಪೊಲೀಸ್ ಬಲ ಕಿತ್ತು ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕಟ್ಟಿದರು; 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೇ ಮರಳಿಸಿತು. ಆರು ವರ್ಷದ ಕಡತಗಳು ಆ ಕಟ್ಟಡದಿಂದ ಈ ಕಟ್ಟಡಕ್ಕೆ ಓಡಾಡಿದವು. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮು ಸಾಮಾಜಿಕ ಲೆಕ್ಕಪರಿಶೋಧನೆಯ ಹೊಣೆಯನ್ನು ಗ್ರಾಮಸಭೆಗೇ ಕೊಟ್ಟಿತ್ತು. ಇಲಾಖೆಯೊಳಗೆ ಆಂತರಿಕ ಲೆಕ್ಕ ತಪಾಸಣೆ, ವಿಚಕ್ಷಣಾ ದಳ, ಜಿಲ್ಲಾ ಮಟ್ಟದ ಸಮಿತಿಗಳು ಬೇರೆ. ಇವುಗಳಲ್ಲಿ ಗ್ರಾಮಸಭೆಯೊಂದನ್ನು ಬಿಟ್ಟರೆ ಉಳಿದೆಲ್ಲವೂ ಮೊದಲು ನೋಡುವುದು ಕಡತವನ್ನು. ಮೋಸ ಮಾಡುವವನು ಎಲ್ಲಕ್ಕಿಂತ ಅಚ್ಚುಕಟ್ಟಾಗಿ ಇಟ್ಟುಕೊಂಡಿರುವುದೂ ಕಡತವನ್ನೇ. ಪ್ರಾಮಾಣಿಕನ ಕಡತದಲ್ಲಾದರೂ ಒಂದು ಸಹಿ ಬಿಟ್ಟಿರುತ್ತದೆ, ಒಂದು ಜಿಎಸ್‌ಟಿ ಬಿಲ್ಲು ಸಿಗುವುದಿಲ್ಲ, ಆಡಿಟ್ ಪ್ಯಾರಾ (ಲೆಕ್ಕ ತಪಾಸಣೆಯ ಆಕ್ಷೇಪ) ಬೀಳುವುದು ಅವನಿಗೆ.

ದೂರು ಕೊಟ್ಟರೆ ಏನಾಗುತ್ತದೆ? ಬೆಂಗಳೂರಿಗೆ ಬರೆದ ಅರ್ಜಿ ‘ಪರಿಶೀಲಿಸಿ ವರದಿ ನೀಡಿ’ ಎಂಬ ಒಕ್ಕಣೆ ಹೊತ್ತು ಆಯುಕ್ತಾಲಯದಿಂದ ಜಂಟಿ ಕೃಷಿ ನಿರ್ದೇಶಕರಿಗೆ, ಅಲ್ಲಿಂದ ಉಪ ನಿರ್ದೇಶಕರಿಗೆ, ಅಲ್ಲಿಂದ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ, ಕೊನೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಇಳಿಯುತ್ತದೆ. ಯಾರು ಅಳತೆ ಬರೆದರೋ ಅವರ ಮೇಜಿಗೇ ಬಂತು. ಅವರು ಬರೆಯುತ್ತಾರೆ: ‘ಸ್ಥಳ ಪರಿಶೀಲಿಸಲಾಗಿ ಕಾಮಗಾರಿ ಮಾರ್ಗಸೂಚಿಯಂತೆ ಇರುವುದು ಕಂಡುಬಂದಿರುತ್ತದೆ.’ ಅದೇ ವಾಕ್ಯ ನಾಲ್ಕು ಮುಖಪತ್ರ ಹೊತ್ತು ಮೇಲೇರುತ್ತದೆ. ಜತೆಗೆ ದೂರುದಾರನ ಹೆಸರು, ವಿಳಾಸ, ಫೋನ್ ನಂಬರು ಊರಿಗೆಲ್ಲ ಗೊತ್ತಾಗಿರುತ್ತದೆ. ಮುಂದಿನ ಹಂಗಾಮಿನಲ್ಲಿ ಆತನಿಗೆ ಟಾರ್ಪಾಲಿನ್ ಸಿಗುವುದಿಲ್ಲ, ‘ಸ್ಟಾಕ್ ಇಲ್ಲ.’

ಲೋಕಾಯುಕ್ತದ ಹಾದಿಯಲ್ಲೂ ಕೆಲವು ಕಲ್ಲುಗಳಿವೆ. ದೂರು ನಮೂನೆ 1ರಲ್ಲಿ, ಜತೆಗೆ ನಮೂನೆ 2ರ ಪ್ರಮಾಣಪತ್ರ (ಅಫಿಡವಿಟ್). ಕುಂದುಕೊರತೆಯಾದರೆ ತಿಳಿದ 6 ತಿಂಗಳೊಳಗೆ, ಆರೋಪವಾದರೆ ಕೃತ್ಯ ನಡೆದ 5 ವರ್ಷದೊಳಗೆ ಕೊಡಬೇಕು. ಈ ಐದು ವರ್ಷವನ್ನು ನಂಬಿ ಕೂತವರು ಸರ್ಕಾರಿ ನೌಕರರ ಸೇವಾ ನಿಯಮಾವಳಿಯಾದ ಕೆಸಿಎಸ್‌ಆರ್‌ನ 214ನೇ ನಿಯಮವನ್ನು ಮರೆಯುತ್ತಾರೆ. ನಿವೃತ್ತನಾದ ನೌಕರನ ಮೇಲೆ ಇಲಾಖಾ ವಿಚಾರಣೆ ಶುರು ಮಾಡುವುದಿದ್ದರೆ ಆ ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು. ದೂರು ದಾಖಲಾಗಿ, ವಿವರಣೆ ಕೇಳಿ, ಲೋಕಾಯುಕ್ತ ಕಾಯ್ದೆಯ 12(3)ರ ವರದಿ ಸರ್ಕಾರಕ್ಕೆ ಹೋಗಿ, ಸರ್ಕಾರ ನೌಕರರ ಶಿಸ್ತು ನಿಯಮಾವಳಿಯ 14-ಎ ನಿಯಮದಡಿ ಉಪಲೋಕಾಯುಕ್ತರಿಗೆ ವಿಚಾರಣೆ ವಹಿಸುವಷ್ಟರಲ್ಲಿ ಮೂರು ವರ್ಷ ಹೋಗಿರುತ್ತದೆ. ನಡುವೆ ಸಹಿ ಮಾಡಿದವರು ಹಾರ ಹಾಕಿಸಿಕೊಂಡು ನಿವೃತ್ತರಾದರೆ ನಾಲ್ಕು ವರ್ಷದ ಗಡಿ ದಾಟಿ ಕಡತ ತಣ್ಣಗೆ ಮುಚ್ಚುತ್ತದೆ. ಕ್ರಿಮಿನಲ್ ಪ್ರಕರಣವಾದರೆ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 17-ಎ ಕಲಮು ಎದುರಾಗುತ್ತದೆ. ಅಧಿಕಾರಿ ಕರ್ತವ್ಯದಲ್ಲಿ ತೆಗೆದುಕೊಂಡ ನಿರ್ಧಾರದ ಬಗ್ಗೆ ತನಿಖೆ ಮಾಡಲು ಮುಂಚಿತ ಅನುಮತಿ ಬೇಕು. ಅದಕ್ಕೆ ಮೂರು ತಿಂಗಳು, ಕಾರಣ ಬರೆದು ಇನ್ನೊಂದು ತಿಂಗಳು. ನಾಲ್ಕು ತಿಂಗಳಲ್ಲಿ ನಮ್ಮ ಕಡೆ ಒಂದು ಮುಂಗಾರು ಪೂರ್ತಿ ಬಂದು ಹೋಗುತ್ತದೆ. ಹೊಂಡದಲ್ಲಿ ಹೂಳು ತುಂಬಿ ತಳ ಯಾವುದು, ಕೆಸರು ಯಾವುದು ಎಂದು ಗೊತ್ತಾಗದ ಸ್ಥಿತಿ.

ಇನ್ನೊಂದು ಗೊಂದಲ ಬಾಗಿಲಿನದು. ಮೂಡಿಗೆರೆಯ ಅಥವಾ ಸಕಲೇಶಪುರದ ಬೆಳೆಗಾರ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಅಥವಾ ಕಣದ ಸಹಾಯಧನದ ಬಗ್ಗೆ ದೂರು ಕೊಡಬೇಕೆಂದರೆ ಲೋಕಾಯುಕ್ತ ಅವನ ಬಾಗಿಲಲ್ಲ. ಕಾಫಿ ಮಂಡಳಿ, ಸಂಬಾರ ಮಂಡಳಿ ಎರಡೂ ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿವೆ. ದೂರು ಮಂಡಳಿಯ ಮುಖ್ಯ ವಿಚಕ್ಷಣಾಧಿಕಾರಿಗೆ ಅಥವಾ ಕೇಂದ್ರ ವಿಚಕ್ಷಣಾ ಆಯೋಗಕ್ಕೆ ಹೋಗಬೇಕು. ಬೆಳೆ ವಿಮೆಯ ತಕರಾರು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ. ತಪ್ಪು ಬಾಗಿಲು ತಟ್ಟಿದವನಿಗೆ ಆರು ತಿಂಗಳ ನಂತರ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ವ್ಯಾಪ್ತಿಗೆ ಬರುವವರಿಗೆ ಕಳುಹಿಸಿದ್ದೇವೆ ಎಂಬ ಸಾಲನ್ನೂ ಸೇರಿಸಲು ಯಾವ ಕಾಯ್ದೆಯೂ ಅಡ್ಡಬಂದಿಲ್ಲ.

ಅಮೆರಿಕದ ಕೃಷಿ ಇಲಾಖೆಯಲ್ಲಿ ಮೋಸ, ಪೋಲಿನ ತನಿಖೆಗೆಂದು ಇನ್‌ಸ್ಪೆಕ್ಟರ್ ಜನರಲ್ ಎಂಬ ಕಚೇರಿ ಹುಟ್ಟಿದ್ದು 1962ರಲ್ಲಿ. ಟೆಕ್ಸಾಸಿನ ಬಿಲ್ಲಿ ಸಾಲ್ ಎಸ್ಟಿಸ್ ಎಂಬ ವ್ಯಾಪಾರಿ ಇಲ್ಲದ ಗೊಬ್ಬರದ ಟ್ಯಾಂಕುಗಳನ್ನು ಅಡವಿಟ್ಟು ಸಾಲ ಎತ್ತಿದ, ಹತ್ತಿ ಬೆಳೆಯುವ ಪರವಾನಗಿಯಲ್ಲೂ ಆಟವಾಡಿದ ಹಗರಣದ ಬೆನ್ನಿಗೆ. ನಮ್ಮ ಕಾಣದ ಹೊಂಡಕ್ಕೂ ಅವರ ಕಾಣದ ಟ್ಯಾಂಕಿಗೂ ಬಹಳ ವ್ಯತ್ಯಾಸವಿಲ್ಲ ನೋಡಿ. 1974ರಲ್ಲಿ ಆ ಕಚೇರಿಯನ್ನು ಇಲಾಖೆಯೇ ಮುಚ್ಚಿತು. ಆಮೇಲೆ ಮತ್ತೆ ತೆರೆದ ಕಚೇರಿಗೆ 1978ರ ಕಾಯ್ದೆ ಶಾಸನದ ಬಲ ಕೊಟ್ಟಿತು. ಲೆಕ್ಕಪರಿಶೋಧಕರೂ ತನಿಖಾಧಿಕಾರಿಗಳೂ ಅಲ್ಲಿ ಒಂದೇ ಕಚೇರಿಯಲ್ಲಿ ಕೂರುತ್ತಾರೆ. ಆರು ತಿಂಗಳಿಗೊಮ್ಮೆ ಸಂಸತ್ತಿಗೆ ವರದಿ. ಇಲಾಖೆಯ ಮುಖ್ಯಸ್ಥ ತನ್ನ ಅಭಿಪ್ರಾಯ ಸೇರಿಸಿ 30 ದಿನದೊಳಗೆ ಕಳುಹಿಸಲೇಬೇಕು, ಒಂದು ಸಾಲನ್ನೂ ಬದಲಿಸುವಂತಿಲ್ಲ. ಯಾವ ಶಿಫಾರಸು ಇನ್ನೂ ಜಾರಿಯಾಗಿಲ್ಲ ಎಂಬುದೂ ಅದರಲ್ಲಿರುತ್ತದೆ. ಅಲ್ಲೆಲ್ಲವೂ ಚೆಂದ ಎಂದೇನೂ ಅಲ್ಲ. 2002ರಿಂದ ಆ ಹುದ್ದೆಯಲ್ಲಿದ್ದ ಫಿಲ್ಲಿಸ್ ಫಾಂಗ್ ಅವರನ್ನು 2025ರ ಜನವರಿಯಲ್ಲಿ ಇತರ ಇಲಾಖೆಗಳ ಹತ್ತಾರು ಇನ್‌ಸ್ಪೆಕ್ಟರ್ ಜನರಲ್‌ಗಳ ಜತೆ ಹೊಸ ಸರ್ಕಾರ ಏಕಾಏಕಿ ತೆಗೆದುಹಾಕಿತು. ನಾಯಿಗೆ ಹಲ್ಲಿದ್ದರೂ ಹಗ್ಗ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅವರಿಗೂ ಬಿಟ್ಟಿಲ್ಲ. ಆ ಆರು ತಿಂಗಳ ವರದಿಯೊಂದನ್ನಾದರೂ ನಮ್ಮ ಎರಡು ಜಿಲ್ಲೆಗೆ ತರಬಹುದು.

ನಾವು ಕೇಳುತ್ತಿರುವ ಹೊಲಕ್ಕಿಳಿಯುವ ತಂಡ ಏನು ನೋಡಬೇಕು? ನಾವು ಬಲ್ಲ ಜಾಗಗಳನ್ನು ಹೇಳುತ್ತೇವೆ.

ಹನಿ ನೀರಾವರಿ. ಎರಡು ಹೆಕ್ಟೇರ್‌ವರೆಗೆ ದೊಡ್ಡ ಪಾಲಿನ ಸಹಾಯಧನ. ಮೊತ್ತ ನಿಂತಿರುವುದು ಲ್ಯಾಟರಲ್ ಕೊಳವೆಗಳ, ಅಂದರೆ ಗಿಡದ ಸಾಲಿಗೆ ನೀರು ಹನಿಸುವ ಕೊಳವೆಗಳ, ನಡುವಿನ ಅಂತರದ ಮೇಲೆ. ಅಂತರ ಕಿರಿದಾದಷ್ಟೂ ಕೊಳವೆ ಹೆಚ್ಚು, ಹಣ ಹೆಚ್ಚು. ಲೆಕ್ಕ ಸುಲಭ: ಒಂದು ಹೆಕ್ಟೇರಿನ 10,000 ಚದರ ಮೀಟರನ್ನು ಅಂತರದಿಂದ ಭಾಗಿಸಿದರೆ ಕೊಳವೆಯ ಉದ್ದ ಸಿಗುತ್ತದೆ. 1.2 ಮೀಟರ್ ಅಂತರದ ತರಕಾರಿಗೆ ಸುಮಾರು 8,300 ಮೀಟರ್, 2.7 ಮೀಟರ್ ಅಂತರದ ಅಡಿಕೆಗೆ, ಸಾಲಿಗೊಂದು ಕೊಳವೆಯಂತೆ, ಸುಮಾರು 3,700. ತರೀಕೆರೆಯ ಒಂದು ಅಡಿಕೆ ತೋಟದ ಕಡತದಲ್ಲಿ ಬೆಳೆ ‘ತರಕಾರಿ’, ಅಂತರ 1.2 ಎಂದಿದ್ದರೆ 4,600 ಮೀಟರ್ ಕೊಳವೆ ಕಾಗದದಲ್ಲೇ ಹರಿದಿದೆ. ಇದನ್ನು ಹಿಡಿಯಲು ತೋಟಕ್ಕೂ ಹೋಗಬೇಕಿಲ್ಲ, ಬೆಳೆ ಸಮೀಕ್ಷೆಯ ದಾಖಲೆಯ ಪಕ್ಕ ಹನಿ ನೀರಾವರಿ ಕಡತವನ್ನಿಟ್ಟರೆ ಸಾಕು. ಎರಡನೇ ತಂತ್ರಕ್ಕೆ ಮಾತ್ರ ಹೋಗಲೇಬೇಕು: ಫೋಟೊ ತೆಗೆಯುವವರೆಗೆ ಹಾಸಿ, ಸಂಜೆಗೆ ಸುತ್ತಿಕೊಂಡು ಮುಂದಿನ ಊರಿಗೆ ಒಯ್ಯುವುದು. ಕೊಳವೆಯ ಮೇಲೆ ಐಎಸ್‌ಐ ಗುರುತು, ತಯಾರಾದ ವರ್ಷ, ಬ್ಯಾಚ್ ಸಂಖ್ಯೆ ಮುದ್ರಿತವಾಗಿರುತ್ತವೆ. ಒಂದೇ ಬ್ಯಾಚ್ ಸಂಖ್ಯೆ ಎಷ್ಟು ತೋಟಗಳ ಕಡತದಲ್ಲಿದೆ, ಆ ಬ್ಯಾಚಿನಲ್ಲಿ ಕಂಪನಿ ಮಾರಿದ್ದು ಎಷ್ಟು ಮೀಟರ್ ಎಂದು ತಾಳೆ ಹಾಕಿ ನೋಡಿ. ಬಿಲ್ ಆಗಿ ಒಂದು ವರ್ಷ ಕಳೆದ ಮೇಲೆ ಹೋಗಿ. ಬಳಸಿದ ಕೊಳವೆಯ ತುದಿ ಬಿಚ್ಚಿದರೆ ಕೆಸರು, ಪಾಚಿ ಬರುತ್ತದೆ. ನಿನ್ನೆ ತಂದು ಹಾಸಿದ್ದರಲ್ಲಿ ಬರುವುದಿಲ್ಲ.

ಬೆಳೆ ಸಮೀಕ್ಷೆ ಎಂದೆವಲ್ಲ, ಬೇರು ಅಲ್ಲೇ ಇರುವುದು. ಊರಿನ ಹುಡುಗರು, ಇಲಾಖೆಯ ಭಾಷೆಯಲ್ಲಿ ‘ಖಾಸಗಿ ನಿವಾಸಿಗಳು’, ಮೊಬೈಲ್ ಆ್ಯಪ್‌ನಲ್ಲಿ ಸರ್ವೆ ನಂಬರಿನೊಳಗೆ ನಿಂತು ಬೆಳೆಯ ಫೋಟೊ ಹಾಕುತ್ತಾರೆ. ಪ್ಲಾಟಿನ ಲೆಕ್ಕದಲ್ಲಿ ಕೂಲಿ, ಮೈಲಿಗಟ್ಟಲೆ ನಡಿಗೆ. ಒಂದು ಮೂಲೆಯಲ್ಲಿ ನಿಂತು ನಾಲ್ಕು ಪ್ಲಾಟು ಮುಗಿಸುವ ಆಸೆ ಹುಟ್ಟುವುದು ಸಹಜ. ಹಾಗೆ ದಾಖಲಾದ ಬೆಳೆಯ ಮೇಲೆ ವಿಮೆ ನಿಂತಿದೆ, ಅತಿವೃಷ್ಟಿ–ಬರ ಪರಿಹಾರ ನಿಂತಿದೆ, ಬೆಂಬಲ ಬೆಲೆಯ ಖರೀದಿಯೂ ನಿಂತಿದೆ. ನೀಲಗಿರಿ ತೋಪು ಸಮೀಕ್ಷೆಯಲ್ಲಿ ರಾಗಿ ಎಂದಾದರೆ ಒಂದೇ ಸುಳ್ಳು ಮೂರು ಕಡೆ ಫಸಲು ಕೊಡುತ್ತದೆ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಪೇಟೆಯ ದರ ಅದಕ್ಕಿಂತ ಇಳಿದಾಗೆಲ್ಲ ವ್ಯಾಪಾರಿಯ ಗೋದಾಮಿನ ರಾಗಿ ಯಾರೋ ರೈತನ ಗುರುತಿನ ಸಂಖ್ಯೆಯಾದ ಎಫ್‌ಐಡಿ ಹೊತ್ತು ಖರೀದಿ ಕೇಂದ್ರಕ್ಕೆ ಬರುತ್ತದೆ. ನಿಜವಾದ ರೈತ ಟ್ರ್ಯಾಕ್ಟರಿನಡಿ ರಾತ್ರಿ ಮಲಗಿ ಸರದಿ ಕಾಯುತ್ತಾನೆ. ಅವನ 50 ಕಿಲೋ ಮೂಟೆಗೆ ‘ಚೀಲದ್ದು, ತೇವದ್ದು’ ಎಂದು ಒಂದು ಕಿಲೋ ಹೆಚ್ಚು ಹಾಕಿಸಿಕೊಂಡರೆ 20 ಕ್ವಿಂಟಲಿಗೆ 40 ಕಿಲೋ, ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ. ಖಾಲಿ ಗೋಣಿಯನ್ನು ಅವನೆದುರೇ ಒಮ್ಮೆ ತೂಗಿ ತೋರಿಸಿದರೆ ಈ ಮಾತೇ ಹುಟ್ಟುವುದಿಲ್ಲ.

ವಿಮೆಯದು ಇನ್ನೂ ಸೂಕ್ಷ್ಮ. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಪ್ರಮುಖ ಬೆಳೆಗೆ ಗ್ರಾಮ ಪಂಚಾಯಿತಿಗೆ ನಾಲ್ಕು ಬೆಳೆ ಕಟಾವು ಪ್ರಯೋಗ. ಸರ್ವೆ ನಂಬರನ್ನು ಯಾದೃಚ್ಛಿಕವಾಗಿ ಆರಿಸಿ, ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಎಣಿಸಿ, 5 × 5 ಮೀಟರ್ ಚೌಕಕ್ಕೆ ಗೂಟ ಹೊಡೆಯಬೇಕು. ಚೌಕ ಸರಿಯಿದೆಯೇ ಎಂಬುದಕ್ಕೆ ಕರ್ಣ ಅಳೆಯಬೇಕು, 7.07 ಮೀಟರ್ ಬರಬೇಕು. ಬರದಿದ್ದರೆ ಚೌಕ ಓರೆಯಾಗಿ ಕ್ಷೇತ್ರ ತಗ್ಗಿದೆ ಎಂದರ್ಥ. ಅಷ್ಟರೊಳಗಿನ ತೆನೆ ಕೊಯ್ದು, ಬಡಿದು, ತೂಗಿ, ಒಣಗಿಸಿ, ಮತ್ತೆ ತೂಗಬೇಕು. ಹೆಕ್ಟೇರಿನ ಇಳುವರಿ ಬರುವುದು ಈ ತೂಕವನ್ನು 400ರಿಂದ ಗುಣಿಸಿದಾಗ. ತಕ್ಕಡಿಯಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕಿಲೋ ತಪ್ಪಿತು. ಹಸಿ ರಾಗಿಯ ತೂಕವನ್ನೇ ಒಣ ತೂಕವೆಂದು ಬರೆದರೆ ಇಡೀ ಪಂಚಾಯಿತಿಗೆ ‘ನಷ್ಟವಿಲ್ಲ’ ಎಂದಾಗುತ್ತದೆ. ನಾಲ್ಕರಲ್ಲಿ ಎರಡು ಪ್ರಯೋಗ ಮನೆಯ ಜಗಲಿಯಲ್ಲೇ ನಡೆದಿದ್ದರಂತೂ ಹೇಳುವುದೇ ಬೇಡ. ಆ ತಪ್ಪು ಒಂದು ವರ್ಷಕ್ಕೆ ಸಾಯುವುದೂ ಇಲ್ಲ. ಪ್ರಾರಂಭಿಕ ಇಳುವರಿಯನ್ನು, ಅಂದರೆ ನಷ್ಟ ಅಳೆಯುವ ಗೆರೆಯನ್ನು, ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯಿಂದ ತೆಗೆಯುವುದರಿಂದ, ಇಂದು ಜಗಲಿಯಲ್ಲಿ ಹುಟ್ಟಿದ ಅಂಕಿ ಏಳು ವರ್ಷ ಆ ಊರಿನ ಲೆಕ್ಕದಲ್ಲಿ ಉಸಿರಾಡುತ್ತಿರುತ್ತದೆ. ಆದ್ದರಿಂದ ಪ್ರಯೋಗದ ದಿನ, ಸರ್ವೆ ನಂಬರು ಹಿಂದಿನ ದಿನವೇ ಪಂಚಾಯಿತಿ ಕಟ್ಟೆಯ ಮೇಲೆ ಬರಲಿ, ತೂಕದ ಚೀಟಿಗೆ ಊರಿನ ಇಬ್ಬರ ಸಹಿ ಇರಲಿ. ಸಿಎಜಿಯ 2017ರ 7ನೇ ವರದಿ ಬೆಳೆ ವಿಮೆಯ ಹಳೆಯ ಯೋಜನೆಗಳನ್ನು ನೋಡಿ, ವಿಮೆ ಮಾಡಿಸಿದ ರೈತರ ದತ್ತಾಂಶವನ್ನೇ ಸರ್ಕಾರಗಳು ಇಟ್ಟುಕೊಂಡಿಲ್ಲ ಎಂದಿತ್ತು. ನಮ್ಮ ರಾಜ್ಯಕ್ಕೆ ಈಗ ‘ಸಂರಕ್ಷಣೆ’ ಪೋರ್ಟಲ್ ಇದೆ, ಪಟ್ಟಿ ಇದೆ. ತೂಕದ ಚೀಟಿಯನ್ನೂ ಅಲ್ಲೇ ಹಾಕಲು ಏನು ಕಷ್ಟ?

ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಅಲ್ಲಿ ಸಾಕ್ಷಿ ಹೇಳುವುದು ಮಳೆ ಮಾಪಕ. ಒಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗ ಒಂದು ಎಣಿಕೆ. ಮೇಲಿನ ಆಲಿಕೆಯಲ್ಲಿ ಒಣಗಿದ ಎಲೆ, ಹಕ್ಕಿಯ ಹಿಕ್ಕೆ, ಇರುವೆ ಗೂಡು ಕಟ್ಟಿಕೊಂಡರೆ ಕೊಪ್ಪ–ಶೃಂಗೇರಿಯ ಆಷಾಢದ ಮಳೆಯೂ ತೊಟ್ಟಿಕ್ಕುತ್ತ ಇಳಿಯುತ್ತದೆ. ದಿನದ ಮಳೆ ಮರುದಿನಕ್ಕೆ ಜಾರುತ್ತದೆ, ಇಲ್ಲವೇ ತುಂಬಿ ಹೊರಗೆ ಚೆಲ್ಲುತ್ತದೆ. ಪಂಚಾಯಿತಿ ಕಟ್ಟಡದ ಗೋಡೆಗೋ ತೆಂಗಿನ ಮರಕ್ಕೋ ಒತ್ತಿ ನಿಲ್ಲಿಸಿದ ಮಾಪಕವೂ ಅಷ್ಟೆ. ಅಡ್ಡವಿರುವ ವಸ್ತುವಿನ ಎತ್ತರದ ಎರಡರಷ್ಟು ದೂರ ಬೇಕು. ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಇರುವ ಮಾಪಕಕ್ಕೆ 20 ಮಿಲಿಲೀಟರ್ ನೀರು ಎಂದರೆ ಒಂದು ಮಿಲಿಮೀಟರ್ ಮಳೆ. 200 ಮಿಲಿಲೀಟರನ್ನು ನಿಧಾನವಾಗಿ ಸುರಿದರೆ 10 ಮಿಲಿಮೀಟರ್ ದಾಖಲಾಗಬೇಕು. ಮೇ ತಿಂಗಳಲ್ಲಿ ಪ್ರತಿ ಪಂಚಾಯಿತಿಯಲ್ಲಿ ಊರವರ ಎದುರು ಇದನ್ನು ಮಾಡಿ, ಓದು ಎಷ್ಟು ಬಂತೆಂದು ಬರೆದು ಅಂಟಿಸಿ. ಆಗ ಸೆಪ್ಟೆಂಬರಿನಲ್ಲಿ ಕೊಳೆರೋಗಕ್ಕೆ ಉದುರಿದ ಕಾಯಿ ಹಿಡಿದು ಯಾರೂ ತಾಲ್ಲೂಕು ಕಚೇರಿಗೆ ಬರಬೇಕಾಗುವುದಿಲ್ಲ. ಬಂದರೂ ಮಾತಿಗೆ ಒಂದು ಆಧಾರವಿರುತ್ತದೆ.

ಯೂರಿಯಾದ್ದು ಗೊತ್ತಿರುವ ವಿಷಯ. 45 ಕಿಲೋ ಚೀಲಕ್ಕೆ 266.50 ರೂಪಾಯಿಯ ರೈತರ ಯೂರಿಯಾ ಪ್ಲೈವುಡ್ ಅಂಟಿನ ಕಾರ್ಖಾನೆಗೆ ಹೋಗುವ ದಾರಿಯನ್ನು ಅಂಗಡಿಯಲ್ಲಿ ಮಾರಾಟ ದಾಖಲಿಸುವ ಪಿಒಎಸ್ ಯಂತ್ರವೇ ತೋರಿಸುತ್ತದೆ. ಹೆಚ್ಚು ಚೀಲ ಕೊಂಡ ಮೊದಲ 20 ಜನರ ಪಟ್ಟಿ ಪ್ರತಿ ತಿಂಗಳೂ ಜಿಲ್ಲೆಗೆ ಬರುತ್ತದೆ. ಅವರ ಪಹಣಿಯಲ್ಲಿ ಎಷ್ಟು ಗುಂಟೆ ಇದೆ ಎಂದು ನೋಡಿದವರು ಎಷ್ಟು ಜನ?

ಮೋಸದ ಮಾತೇ ಆಯಿತು; ಪೋಲಿನ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಪೋಲಿನಲ್ಲಿ ಯಾರೂ ಹಣ ತಿಂದಿರುವುದಿಲ್ಲ, ಆದ್ದರಿಂದ ಯಾವ ಪೊಲೀಸರಿಗೂ ಅದು ಬೇಡ. ಹಾಸನದ ಆಲೂಗೆಡ್ಡೆಯನ್ನೇ ತೆಗೆದುಕೊಳ್ಳಿ. ಮೇ ಮಧ್ಯದಲ್ಲಿ ಮಳೆ ಬಿದ್ದರೆ ಬಿತ್ತನೆ. ಎಕರೆಗೆ 12ರಿಂದ 14 ಮೂಟೆ ಬಿತ್ತನೆ ಗೆಡ್ಡೆ, ಜಲಂಧರಿನಿಂದ ಬಂದದ್ದು. ಅಂಗಮಾರಿ ರೋಗ ಬರುವುದು ಮೋಡ ಕವಿದು ಜಡಿಮಳೆ ಹಿಡಿದಾಗ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ರೋಗ ಬರುವ ಮುಂಚೆ ಎಲೆಗೆ ಕೂತರೆ ಕಾಯುತ್ತದೆ, ರೋಗ ಎಲೆಯೊಳಗೆ ಇಳಿದ ಮೇಲೆ ಅದಕ್ಕೂ ಸುಣ್ಣದ ನೀರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಸಹಾಯಧನದ ಔಷಧಿ ಟೆಂಡರು, ದರ ಒಪ್ಪಂದ, ಇಂಡೆಂಟು ಎಲ್ಲ ಮುಗಿಸಿ ಆಗಸ್ಟಿನಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಬಂದರೆ ಲೆಕ್ಕಪತ್ರದಲ್ಲಿ ಒಂದು ಪೈಸೆ ತಪ್ಪಿಲ್ಲ, ಹೊಲದಲ್ಲಿ ಒಂದು ಎಲೆ ಉಳಿದಿಲ್ಲ. ಇದಕ್ಕೆ ಆಡಿಟ್ ಪ್ಯಾರಾ ಬೀಳುವುದಿಲ್ಲ, ಏಕೆಂದರೆ ನಮೂನೆಯಲ್ಲಿ ‘ವಿತರಣೆಯಾದ ದಿನಾಂಕ’ ಎಂಬ ಕಾಲಂ ಇದೆ, ‘ಬೇಕಾಗಿದ್ದ ದಿನಾಂಕ’ ಎಂಬ ಕಾಲಂ ಇಲ್ಲ. ಒಂದು ಕಾಲಂ ಸೇರಿಸಲು ಕಾಯ್ದೆ ತಿದ್ದಬೇಕಿಲ್ಲ.

ರೈತರಿಗೂ ಒಂದು ಮಾತು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಎಲ್ಲರೂ ಜೆರಾಕ್ಸ್ ಪ್ರತಿಯನ್ನೇ ಕೇಳುತ್ತೇವೆ. ಕಾಯ್ದೆಯ 2(ಜೆ) ಕಲಮು ಓದಿ: ಕಾಮಗಾರಿಯ ಪರಿಶೀಲನೆ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು, ಎರಡೂ ನಿಮ್ಮ ಹಕ್ಕು. ಕೃಷಿ ಹೊಂಡದ ಹಾಳೆಯ ತುಂಡನ್ನೇ ಕೇಳಬಹುದು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ‘ಅಕ್ರಮ ನಡೆದಿದೆಯೇ’ ಎಂದು ಕೇಳಬೇಡಿ, ‘ನಡೆದಿಲ್ಲ’ ಎಂದು ಬರುತ್ತದೆ. ಸರ್ವೆ ನಂಬರು, ಅಳತೆ ಪುಸ್ತಕದ ಪುಟ ಸಂಖ್ಯೆ, ಬಿಲ್ಲಿನ ದಿನಾಂಕ ಕೇಳಿ. ಫಲಾನುಭವಿ ಪಟ್ಟಿ ಕೇಳಿದರೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 8(1)(ಜೆ)ಗೆ ತಂದ ತಿದ್ದುಪಡಿ ತೋರಿಸಿ ‘ವೈಯಕ್ತಿಕ ಮಾಹಿತಿ’ ಎನ್ನಬಹುದು. 4(1)(ಬಿ)ಯ 12ನೇ ಉಪಕಲಮು ಸಹಾಯಧನ ಯೋಜನೆಯ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಕೇಳುವ ಮೊದಲೇ ಪ್ರಕಟಿಸಬೇಕು ಎನ್ನುತ್ತದೆ, ಅದನ್ನು ಎದುರಿಗಿಡಿ. ದೂರು ಬರೆಯುವಾಗ ಒಂದು ದೂರಿಗೆ ಒಂದೇ ಸಂಗತಿ. ಹತ್ತು ಆರೋಪ ಪೋಣಿಸಿದರೆ ಅತ್ಯಂತ ದುರ್ಬಲವಾದದ್ದನ್ನು ಹಿಡಿದು ಹತ್ತನ್ನೂ ವಜಾ ಮಾಡುತ್ತಾರೆ.

ಈಗ ನಿಮ್ಮಿಂದ ಬೇಕಾದದ್ದು. ಹೊಸ ಪ್ರಾಧಿಕಾರ, ಹೊಸ ಕಟ್ಟಡ, ಕೆಂಪು ದೀಪದ ಕಾರು ಯಾವುದೂ ಬೇಡ. ಎರಡು ಜಿಲ್ಲೆಗೆ ಒಂದೊಂದು ತಂಡ ಸಾಕು: ಒಬ್ಬ ಲೆಕ್ಕಪರಿಶೋಧಕ, ಒಬ್ಬ ಇಂಜಿನಿಯರ್, ಬೇರೆ ಜಿಲ್ಲೆಯ ಒಬ್ಬ ಕೃಷಿ ಅಧಿಕಾರಿ. ಹಾಸನದವರು ಚಿಕ್ಕಮಗಳೂರಿನಲ್ಲಿ ಅಳೆಯಲಿ, ಚಿಕ್ಕಮಗಳೂರಿನವರು ಹಾಸನದಲ್ಲಿ. ಬೇಲೂರಿನಿಂದ ಚಿಕ್ಕಮಗಳೂರಿಗೆ ಒಂದು ಗಂಟೆಯೂ ಬೇಡ, ಪ್ರಯಾಣ ಭತ್ಯೆಗೆ ಖಜಾನೆ ಬರಿದಾಗುವುದಿಲ್ಲ. ಯಾವ ಕಡತ ಎಂಬುದನ್ನು ಇಲಾಖೆ ಆರಿಸಿಕೊಡಬಾರದು, ಗಣಕಯಂತ್ರ ಚೀಟಿ ಎತ್ತಬೇಕು. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ ಪಡೆಯುವವರಲ್ಲೇ ಶೇ. 5ರಷ್ಟು ಜನರ ಭೌತಿಕ ಪರಿಶೀಲನೆಗೆ ಮಾರ್ಗಸೂಚಿ ಇದೆ; ಲಕ್ಷ ಲಕ್ಷದ ಹೊಂಡ, ಯಂತ್ರ, ಹನಿ ನೀರಾವರಿಗೆ ಅಷ್ಟನ್ನಾದರೂ ಇಡಿ. ದೂರು ಬಂದರೆ ಆರೋಪ ಹೊತ್ತ ಕಚೇರಿಗೆ ಅದನ್ನು ಇಳಿಸಬಾರದು, ದೂರುದಾರನ ಹೆಸರು ತಂಡದಿಂದಾಚೆ ಹೋಗಬಾರದು. ಆರು ತಿಂಗಳಿಗೊಮ್ಮೆ ವರದಿ ಕನ್ನಡದಲ್ಲಿ, ಸರ್ವೆ ನಂಬರು ಸಮೇತ, ಜಿಲ್ಲಾ ಪಂಚಾಯತ್ ಜಾಲತಾಣದಲ್ಲೂ ಪಂಚಾಯಿತಿ ಗೋಡೆಯ ಮೇಲೂ ಬರಬೇಕು. ಸರಿಯಿದ್ದ ಕೆಲಸದ ಹೆಸರೂ ಅದರಲ್ಲಿರಲಿ. ನೆಟ್ಟಗೆ ಅಳೆದು ಬರೆದ ಹೋಬಳಿ ಅಧಿಕಾರಿಗಳೂ ಈ ಜಿಲ್ಲೆಗಳಲ್ಲಿದ್ದಾರೆ. ಏಜೆಂಟರು ವರ್ಗಾವಣೆ ಮಾಡಿಸುವುದು ಅವರನ್ನೇ.

ವಸೂಲಿಯ ಬಗ್ಗೆ ಒಂದು ಎಚ್ಚರಿಕೆ. ಮೋಸ ಸಾಬೀತಾದಾಗ ಸುಲಭಕ್ಕೆ ಸಿಗುವವನು ಪಹಣಿ ಕೊಟ್ಟ ರೈತ. ಅವನ ಆರ್‌ಟಿಸಿ ಕಲಂ 11ರಲ್ಲಿ ಬಾಕಿ ಬರೆದರೆ ಆಯಿತು. ಹಣ ಹೋದದ್ದು ಯಾರ ಖಾತೆಗೆ ಎಂಬುದನ್ನು ಮೊದಲು ನೋಡಿ. ಸಾಮಗ್ರಿ ಪೂರೈಸಿದವನ ಖಾತೆಗೆ ಹೋಗಿದ್ದರೆ ಅವನಿಂದ, ಅಳತೆಗೆ ಸಹಿ ಹಾಕಿದವರಿಂದ ಶುರುವಾಗಲಿ.

ಈ ಕಡೆಯ ಹೊಂಡಗಳು ತಳ ಕಾಣುವುದು ಮಾರ್ಚ್, ಏಪ್ರಿಲ್‌ನಲ್ಲಿ. ಮೇ ತಿಂಗಳ ಮೊದಲ ದೊಡ್ಡ ಮಳೆ ಬಿದ್ದರೆ ಮತ್ತೆ ಒಂದು ವರ್ಷ ಯಾರೂ ಅಳೆಯಲಾಗದು. ಆದೇಶ ಫೆಬ್ರವರಿಯೊಳಗೆ ಬರಲಿ. ಟೇಪು 30 ಮೀಟರಿನದು ಸಾಕು.

ಇಂತಿ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ರೈತರು, ನಿವೃತ್ತ ಲೆಕ್ಕಪತ್ರ ಹಾಗೂ ಕೃಷಿ ಇಲಾಖೆ ನೌಕರರು